‘ಸೆಕೆಂಡ್ ಹಾಫ್ ಲ್ಯಾಗ್’ ಅಂದವರು ನಿಜಕ್ಕೂ ಹೇಳುತ್ತಿರುವುದೇನು?

ಪ್ರಶ್ನೆ: ಗೆಳೆಯರು ಸೇರಿ ಹಾಸನದ ಸುತ್ತಮುತ್ತ 24 ದಿನ ಚಿತ್ರೀಕರಣ ಮಾಡಿ ಒಂದು ಚಿಕ್ಕ ಬಜೆಟ್ಟಿನ ಸಿನಿಮಾ ಮುಗಿಸಿದ್ದೇವೆ. ಈಗ 1 ಗಂಟೆ 52 ನಿಮಿಷ ಇದೆ. ಇದುವರೆಗೆ ಸುಮಾರು 40 ಜನರಿಗೆ ತೋರಿಸಿದೆವು. ಒಬ್ಬರು ‘ಅದ್ಭುತ’ ಅಂದರು, ಇನ್ನೊಬ್ಬರು ‘ಸೆಕೆಂಡ್ ಹಾಫ್ ಲ್ಯಾಗ್’ (ಇಂಟರ್‌ವಲ್ ನಂತರ ಎಳೆದಂತಿದೆ) ಅಂದರು, ಕೆಲವರು ‘ಕ್ಲೈಮ್ಯಾಕ್ಸ್ ಬದಲಾಯಿಸಿ’ ಅಂದರು, ಬಹಳಷ್ಟು ಜನ ‘ಹೊಸಬರ ಪ್ರಯತ್ನಕ್ಕೆ ತುಂಬಾ ಚೆನ್ನಾಗಿದೆ’ ಅಂದರು. ಯಾರ ಮಾತು ಹಿಡಿದು ಎಡಿಟ್ ಮಾಡಬೇಕು? ಬಿಡುಗಡೆಯಾದ ಮೇಲೆ ಬರುವ ರೇಟಿಂಗುಗಳನ್ನು ಹೇಗೆ ನೋಡಬೇಕು?

ಉತ್ತರ: ಎಲ್ಲರ ದೂರನ್ನೂ ಬರೆದುಕೊಳ್ಳಿ. ಯಾರ ಸಲಹೆಯನ್ನೂ ಹಾಗೇ ಪಾಲಿಸಬೇಡಿ. ಹೆಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗದ ನೆತ್ತಿಯ ಮೇಲೇ ಹೆಂಚು ಒಡೆದಿರುವುದು ಕಡಿಮೆ. ಎಲ್ಲೋ ಮೇಲೆ ಒಳಬಂದ ನೀರು ರೀಪಿನ ಗುಂಟ ಇಳಿದು ಇಲ್ಲಿ ಬೀಳುತ್ತಿರುತ್ತದೆ. ಪ್ರೇಕ್ಷಕರು ತೋರಿಸುವುದು ನೀರು ಬೀಳುವ ಜಾಗವನ್ನು, ಅದರಲ್ಲಿ ಅವರು ತಪ್ಪುವುದು ಅಪರೂಪ. ಒಡೆದ ಹೆಂಚನ್ನು ಹುಡುಕುವುದು ಎಡಿಟರ್ ಮತ್ತು ನಿರ್ದೇಶಕರ ಕೆಲಸ. ನಿಮಗೆ ಸಿಕ್ಕಿರುವ 40 ಅಭಿಪ್ರಾಯಗಳಲ್ಲಿ ಬಹುಪಾಲು ಸಂಗ್ರಹಿಸಿದ ರೀತಿಯಿಂದಲೇ ಕೆಟ್ಟಿರಬೇಕು ಎಂದು ‘ಹೊಸಬರ ಪ್ರಯತ್ನಕ್ಕೆ’ ಎಂಬ ಮಾತೇ ಹೇಳುತ್ತದೆ. ಅಲ್ಲಿಂದಲೇ ಶುರುಮಾಡೋಣ.

ಸಿನಿಮಾ ಶುರುವಾಗುವ ಮುನ್ನ ನಿಮ್ಮ ಪೈಕಿ ಯಾರೋ ಒಬ್ಬರು ಎದ್ದು ನಿಂತು, ಇದು ಕಡಿಮೆ ಬಜೆಟ್ಟಿನದು, ಎಲ್ಲರೂ ಹೊಸಬರು, ಮ್ಯೂಸಿಕ್ ಇನ್ನೂ ಪೂರ್ತಿ ಆಗಿಲ್ಲ ಎಂದು ಹೇಳಿರುತ್ತಾರೆ. ಹಾಗೆ ಹೇಳಿದ ಕ್ಷಣದಿಂದ ಎದುರಿಗಿರುವವರು ಕತೆ ನೋಡುವುದನ್ನು ಬಿಟ್ಟು ನಿಮ್ಮ ಶ್ರಮಕ್ಕೆ ಅಂಕ ಹಾಕಲು ಕೂರುತ್ತಾರೆ. ಥಿಯೇಟರಿನಲ್ಲಿ ಇಂಥ ರಿಯಾಯಿತಿ ಇಲ್ಲ. 3 ಕೋಟಿಯ ಸಿನಿಮಾಕ್ಕೂ 30 ಲಕ್ಷದ ಸಿನಿಮಾಕ್ಕೂ ಪ್ರೇಕ್ಷಕರು ಕೊಡುವ ಟಿಕೆಟ್ ಹಣ ಒಂದೇ. ಆದ್ದರಿಂದ ಮುಂದಿನ ಪ್ರದರ್ಶನದಲ್ಲಿ ಬಜೆಟ್ಟಿನ ಮಾತು ಬೇಡ, ‘ಹೊಸಬರು’ ಎಂಬ ಪದವೂ ಬೇಡ. ಕೆಲವು ಕಡೆ ಬಣ್ಣ, ಸದ್ದು ಇನ್ನೂ ಅಂತಿಮವಾಗಿಲ್ಲ ಎಂದು ಒಂದು ವಾಕ್ಯದಲ್ಲಿ ಹೇಳಿ ಸಾಕು ಮಾಡಿ.

ಯಾರನ್ನು ಕೂರಿಸಬೇಕು ಎಂಬುದು ಎರಡನೆಯ ಮಾತು. ನಟರ ಮನೆಯವರು, ತಂತ್ರಜ್ಞರ ಗೆಳೆಯರು, ಹಣ ಹಾಕಿದವರು ಬರಲಿ, ಆದರೆ ಅವರ ಹಾಳೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಜನರಿಂದ ಹಣ ಕೂಡಿಸಿ ತೆಗೆದ ಚಿತ್ರಗಳು ನಮ್ಮಲ್ಲಿವೆ. ‘ಲೂಸಿಯಾ’ (2013) ಚಿತ್ರಕ್ಕೆ ನಿರ್ದೇಶಕ ಪವನ್ ಕುಮಾರ್ ಅವರ ಕರೆಗೆ ಓಗೊಟ್ಟು ನೂರಕ್ಕೂ ಹೆಚ್ಚು ಜನ ಸುಮಾರು 50 ಲಕ್ಷ ರೂಪಾಯಿ ಕೊಟ್ಟರು. ‘ಡೇರ್‌ಡೆವಿಲ್ ಮುಸ್ತಾಫಾ’ (2023) ಚಿತ್ರಕ್ಕೆ ಪೂರ್ಣಚಂದ್ರ ತೇಜಸ್ವಿಯವರ ಓದುಗರೇ ಬಂಡವಾಳ ಹಾಕಿದರು. ಬಿಡುಗಡೆಯ ದಿನ ಇಂಥವರು ದೊಡ್ಡ ಬಲ, ಊರೆಲ್ಲ ಹೇಳಿಕೊಂಡು ಬರುತ್ತಾರೆ. ಆದರೆ ಸಿನಿಮಾ ಗೆಲ್ಲಲಿ ಎಂದು ಬಯಸಿ ಕೂತವರ ಕಣ್ಣಿಗೆ ಕೊರತೆ ಕಾಣುವುದಿಲ್ಲ. ‘ಲೂಸಿಯಾ’ಕ್ಕೆ ಅದೇ ವರ್ಷ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಬಂತು. ಹಣ ಹಾಕದ, ತಂಡದ ಪರಿಚಯವೇ ಇಲ್ಲದ ಜನ ಕೊಟ್ಟ ಮತ ಎಂಬುದೇ ಅದರ ಬೆಲೆ. ನಿಮಗೂ ಅಂಥ ಅಪರಿಚಿತರೇ ಬೇಕು.

90 ಜನರನ್ನು ಒಂದೇ ದಿನ ಸೇರಿಸುವುದಕ್ಕಿಂತ 30 ಜನರ ಮೂರು ಪ್ರದರ್ಶನ ಮಾಡಿ, ನಡುವೆ 2-3 ವಾರ ಎಡಿಟ್‌ಗೆ ಇರಲಿ. ಒಮ್ಮೆ ನೋಡಿದವರನ್ನು ಮತ್ತೆ ಕರೆಯಬೇಡಿ. ಅವರಿಗೆ ಕತೆ ಗೊತ್ತಿರುವುದರಿಂದ ಎಲ್ಲವೂ ಅರ್ಥವಾಗುತ್ತದೆ. 30ರಲ್ಲಿ ಹತ್ತು ಜನ ತಿಂಗಳಿಗೆ ಎರಡಾದರೂ ಸಿನಿಮಾ ಥಿಯೇಟರಿನಲ್ಲಿ ನೋಡುವವರು, ಹತ್ತು ಜನ ಮನೆಯ ಟಿವಿ, ಮೊಬೈಲಿನಲ್ಲೇ ನೋಡುವವರು, ಇನ್ನು ಹತ್ತು ಜನ 45 ದಾಟಿದವರು ಇದ್ದರೆ ಒಳ್ಳೆಯ ಮಿಶ್ರಣ. ಫಿಲ್ಮ್ ಸೊಸೈಟಿಯ ಸದಸ್ಯರೇ ತುಂಬಿದ ಸಭಾಂಗಣದಲ್ಲಿ ಮಾತ್ರ ತೋರಿಸಿದರೆ ದಾರಿ ತಪ್ಪುತ್ತೀರಿ. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಕಡೆ ಬರುವವರು ಐವತ್ತು ವರ್ಷದಿಂದ ಜಗತ್ತಿನ ಸಿನಿಮಾ ನೋಡಿ ತಾಳ್ಮೆ ಬೆಳೆಸಿಕೊಂಡ ಪರಂಪರೆಯವರು. ಅವರ ಮಾತಿಗೆ ತೂಕ ಇದೆ, ಆದರೆ ಶುಕ್ರವಾರ ಸಂಜೆ ಹಾಸನದಲ್ಲಿ ಟಿಕೆಟ್ ತೆಗೆದುಕೊಳ್ಳುವವರು ಅವರಲ್ಲ. ಮೂರರಲ್ಲಿ ಒಂದು ಪ್ರದರ್ಶನ ಬೆಂಗಳೂರಿನ ಹೊರಗೆ ಇರಲೇಬೇಕು. ಅದಕ್ಕೆ ಸಣ್ಣ ಪ್ರಿವ್ಯೂ ಥಿಯೇಟರ್ ಸಿಕ್ಕರೆ ಸರಿ. ಸಿಗದಿದ್ದರೆ ಪೂರ್ತಿ ಕತ್ತಲೆ ಮಾಡಬಹುದಾದ ಹಾಲ್, ಒಂದು ಫುಲ್ ಎಚ್‌ಡಿ ಪ್ರೊಜೆಕ್ಟರ್, ಪರದೆಯ ಎರಡೂ ಬದಿ ಒಳ್ಳೆಯ ಸ್ಪೀಕರ್ ಸಾಕು. ಲಿಂಕ್ ಕಳಿಸಿ ಮೊಬೈಲಿನಲ್ಲಿ ನೋಡಿಸಿ ಪಡೆದ ಅಭಿಪ್ರಾಯ ಬೇರೆಯದೇ ಸರಕು. ಅದನ್ನು ಇದರೊಂದಿಗೆ ಬೆರೆಸಬೇಡಿ.

ಸಿನಿಮಾ ಮುಗಿದ ಮೇಲೆ ಜನ ಹೇಳುವುದಕ್ಕಿಂತ, ನೋಡುತ್ತಿರುವಾಗ ಅವರ ಮೈ ಹೇಳುವುದು ಹೆಚ್ಚು ನಂಬಿಕೆಗೆ ಅರ್ಹ. ಇಬ್ಬರನ್ನು ಪರದೆಯ ಪಕ್ಕದ ಕತ್ತಲಲ್ಲಿ, ಪ್ರೇಕ್ಷಕರ ಮುಖ ಕಾಣುವ ಹಾಗೆ ಕೂರಿಸಿ. ಇಬ್ಬರ ಕೈಯಲ್ಲೂ 1ರಿಂದ 112ರವರೆಗೆ ನಿಮಿಷಕ್ಕೊಂದು ಗೆರೆ ಹಾಕಿದ ಹಾಳೆ, ಮೊದಲ ಫ್ರೇಮಿಗೆ ಒತ್ತಿದ ಸ್ಟಾಪ್‌ವಾಚ್. ಮೊಬೈಲ್ ಬೆಳಕು ಎಷ್ಟು ಕಡೆ ಹೊತ್ತಿತು, ಎಲ್ಲಿ ಕೆಮ್ಮು ಶುರುವಾಯಿತು, ಎಲ್ಲಿ ಕುರ್ಚಿ ಕಿರುಗುಟ್ಟಿತು, ಎಲ್ಲಿ ನಕ್ಕರು, ನೀವು ಬಯಸದ ಕಡೆ ನಕ್ಕರೇ, ಯಾರು ಎದ್ದು ಹೋಗಿ ಎಷ್ಟು ಹೊತ್ತಿಗೆ ಬಂದರು, ಎಲ್ಲಿ ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು ಎಂದು ಗುರುತು ಹಾಕುತ್ತ ಹೋಗಲಿ. ಪಕ್ಕದವರನ್ನು ಕೇಳುವುದು ಬಹಳ ಮುಖ್ಯದ ಗುರುತು, ಏಕೆಂದರೆ ಅಲ್ಲಿ ಅವರಿಗೆ ಏನೋ ಕೇಳಿಸಲಿಲ್ಲ ಅಥವಾ ಯಾರು ಯಾರೆಂದು ತಿಳಿಯಲಿಲ್ಲ. 30 ಜನರಲ್ಲಿ ನಾಲ್ಕು ಮೊಬೈಲು ಒಂದೇ ನಿಮಿಷದಲ್ಲಿ ಹೊತ್ತಿಕೊಂಡರೆ, ಅದಕ್ಕಿಂತ ಹಿಂದಿನ 3-4 ನಿಮಿಷವನ್ನು ಎಡಿಟ್ ಟೇಬಲ್ ಮೇಲೆ ತೆರೆಯಿರಿ. ಬೇಸರ ಅಲ್ಲಿ ಶುರುವಾಗಿ ಇಲ್ಲಿ ಕೈ ಜೇಬಿಗೆ ಹೋಗಿರುತ್ತದೆ.

ಎದ್ದು ಹೋದವರ ವಿಷಯದಲ್ಲೂ ಅವಸರದ ತೀರ್ಪು ಬೇಡ. ಅಮೆರಿಕದಲ್ಲಿ ಸುಮಾರು 15 ಸಾವಿರ ಡಾಲರಿನಲ್ಲಿ ತೆಗೆದ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯ ಒಂದು ಪರೀಕ್ಷಾ ಪ್ರದರ್ಶನದಲ್ಲಿ ಜನ ಎದ್ದು ಹೋಗುತ್ತಿದ್ದುದನ್ನು ಕಂಡು ಚಿತ್ರ ಸೋತಿತು ಎಂದೇ ಸ್ಟುಡಿಯೋದವರು ಭಾವಿಸಿದ್ದರು. ವಿಚಾರಿಸಿದಾಗ ಅವರು ಹೋಗುತ್ತಿದ್ದುದು ಹೆದರಿಕೆ ತಡೆಯಲಾರದೆ ಎಂದು ಗೊತ್ತಾಯಿತು. ಬಾಗಿಲ ಬಳಿ ಒಬ್ಬರನ್ನು ನಿಲ್ಲಿಸಿ, ಹೊರಬಂದವರನ್ನು ಮೆಲ್ಲಗೆ ಏಕೆ ಎಂದು ಕೇಳಿದರೆ ಇಂಥ ತಪ್ಪು ಆಗುವುದಿಲ್ಲ.

ಕೊನೆಯ ಹೆಸರುಗಳು ಬರುವಾಗಲೇ ಹಾಳೆ ಮತ್ತು ಪೆನ್ನು ಕೈಗೆ ಕೊಡಿ. ಒಬ್ಬರಿಗೊಬ್ಬರು ಮಾತಾಡುವ ಮೊದಲೇ ಬರೆಯಲಿ. ಯಾರೋ ಒಬ್ಬರು ಗಟ್ಟಿಯಾಗಿ ‘ಲ್ಯಾಗ್’ ಅಂದರೆ ಉಳಿದ ಹತ್ತು ಹಾಳೆಯಲ್ಲೂ ಅದೇ ಪದ ಬರುತ್ತದೆ. ಹೆಸರು ಬೇಡ, ವಯಸ್ಸು ಮತ್ತು ಕಳೆದ ತಿಂಗಳು ಥಿಯೇಟರಿನಲ್ಲಿ ಎಷ್ಟು ಸಿನಿಮಾ ನೋಡಿದರು ಎಂಬುದಷ್ಟೇ ಸಾಕು. ಮೊದಲ ಪ್ರಶ್ನೆಗೆ ಐದು ಮನೆ: ಅತ್ಯುತ್ತಮ, ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ. ಎರಡನೆಯದು, ಇದನ್ನು ನೋಡಿ ಎಂದು ಬೇರೆಯವರಿಗೆ ಹೇಳುತ್ತೀರಾ ಎಂಬುದು: ಖಂಡಿತ ಹೇಳುತ್ತೇನೆ, ಹೇಳಬಹುದು, ಹೇಳುವುದಿಲ್ಲ. ಲೆಕ್ಕ ಹಾಕುವಾಗ ಮೊದಲನೆಯದರಲ್ಲಿ ಮೇಲಿನ ಎರಡು ಮನೆ, ಎರಡನೆಯದರಲ್ಲಿ ‘ಖಂಡಿತ’ ಮಾತ್ರ ಎಣಿಸಿ. ನಮ್ಮ ಜನ ಎದುರಿಗಿರುವವರ ಮನಸ್ಸು ನೋಯಿಸುವುದಿಲ್ಲ. ‘ಚೆನ್ನಾಗಿದೆ’ ಎಂಬುದು ಬಹಳ ಸಲ ದಾಕ್ಷಿಣ್ಯದ ಮಾತು, ‘ಒಂದ್ಸಲ ನೋಡಬಹುದು’ ಎಂದರೆ ಹಣ ಕೊಟ್ಟು ನೋಡುವುದಿಲ್ಲ ಎಂದೇ ತಿಳಿಯಿರಿ.

ಮುಂದಿನವು ಬರೆದು ಉತ್ತರಿಸುವ ಪ್ರಶ್ನೆಗಳು. ಕತೆಯನ್ನು ಎರಡು ವಾಕ್ಯದಲ್ಲಿ ಹೇಳಿ. ನೆನಪಿನಲ್ಲಿ ಉಳಿದ ಎರಡು ದೃಶ್ಯ ಯಾವುವು? ಎಲ್ಲಿ ಗಮನ ತಪ್ಪಿತು? ಎಲ್ಲಿ ಏನಾಗುತ್ತಿದೆ ಎಂದು ತಿಳಿಯಲಿಲ್ಲ? ಯಾರ ಬಗ್ಗೆ ಇನ್ನಷ್ಟು ತಿಳಿಯಬೇಕೆನಿಸಿತು? ಇಷ್ಟೇ. ‘ಏನು ಬದಲಾಯಿಸಬೇಕು?’ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಪ್ರತಿಯೊಬ್ಬರೂ ನಿರ್ದೇಶಕರಾಗುತ್ತಾರೆ, ಏನೂ ತೊಂದರೆ ಅನಿಸದವರೂ ಒಂದು ತೊಂದರೆ ಹುಡುಕಿ ಕೊಡುತ್ತಾರೆ. ಕತೆ ಹೇಳುವ ಆ ಎರಡು ವಾಕ್ಯಗಳೇ ಹಾಳೆಯ ಚಿನ್ನ. ಉದಾಹರಣೆಗೆ, ನೀವು ಅಣ್ಣತಮ್ಮಂದಿರ ಕತೆ ಎಂದು ತೆಗೆದದ್ದನ್ನು 30ರಲ್ಲಿ 18 ಜನ ‘ಜಮೀನು ಜಗಳದ ಕತೆ’ ಎಂದು ಬರೆದಿದ್ದರೆ, ಅವರು ನೋಡಿದ್ದು ಬೇರೆ ಸಿನಿಮಾ. ಕ್ಲೈಮ್ಯಾಕ್ಸ್ ಹಿಡಿಸದೆ ಹೋಗಿದ್ದಕ್ಕೆ ಅಲ್ಲೇ ಉತ್ತರ ಇದೆ. ಜಗಳದ ತೀರ್ಪಿಗೆ ಕಾದವರ ಮುಂದೆ ನೀವು ಅಣ್ಣತಮ್ಮಂದಿರ ಮೌನ ಇಟ್ಟಿದ್ದೀರಿ. ಕೊನೆಯನ್ನು ಮುಟ್ಟುವ ಮೊದಲು ಮೊದಲ 20 ನಿಮಿಷದಲ್ಲಿ ಒತ್ತು ಯಾವುದರ ಮೇಲೆ ಬಿದ್ದಿದೆ ನೋಡಿ.

ಬರೆದಾದ ಮೇಲೆ 12-15 ಜನರನ್ನು ಉಳಿಸಿಕೊಂಡು 20 ನಿಮಿಷ ಮಾತಾಡಿಸಬಹುದು. ನಡೆಸುವವರು ತಂಡದವರಾಗಿರಬಾರದು. ನಿರ್ದೇಶಕರು ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂರಬೇಕು. ‘ಅದು ಹಾಗಲ್ಲ, ಅಲ್ಲಿ ನಾವು ಹೇಳಲು ಹೊರಟಿದ್ದು…’ ಎಂದು ಒಮ್ಮೆ ಬಾಯಿಬಿಟ್ಟರೆ ಮುಗಿಯಿತು, ಮತ್ತೆ ಯಾರೂ ನಿಜ ಹೇಳುವುದಿಲ್ಲ.

ಈಗ ನಿಮ್ಮ ‘ಲ್ಯಾಗ್’ಗೆ ಬರೋಣ. ಚಿಕ್ಕ ಬಜೆಟ್ಟಿನ ಚಿತ್ರಗಳಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಇದೇ. ತಕ್ಷಣ ಎಲ್ಲರೂ ಮಾಡುವ ಕೆಲಸ ದೃಶ್ಯಗಳನ್ನು ಕತ್ತರಿಸುವುದು. ಹತ್ತು ನಿಮಿಷ ತೆಗೆದ ಮೇಲೂ ದೂರು ಹಾಗೇ ಉಳಿಯುತ್ತದೆ, ಕೆಲವೊಮ್ಮೆ ಹೆಚ್ಚುತ್ತದೆ. ಏಕೆಂದರೆ ಇಂಥ ಚಿತ್ರಗಳಲ್ಲಿ ‘ಲ್ಯಾಗ್’ ಎಂಬುದರ ಬೇರು ಬಹಳ ಸಲ ಉದ್ದದಲ್ಲಿ ಇಲ್ಲ, ಸದ್ದಿನಲ್ಲಿದೆ. ಒಂದು ಅಡುಗೆಮನೆಯ ದೃಶ್ಯ ಊಹಿಸಿಕೊಳ್ಳಿ. 31ನೇ ನಿಮಿಷ. ತಾಯಿ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಾಳೆ. ‘ಪತ್ರ ಆಗ್ಲೇ ದೊಡ್ಡೋನ ಹೆಸರಿಗೆ ಆಗೈತೆ’ ಎಂಬ ಒಂದೇ ಮಾತು. ನಲ್ಲಿಯ ನೀರು, ಸ್ಟೀಲ್ ತಟ್ಟೆಯ ಸದ್ದಿನಲ್ಲಿ ‘ದೊಡ್ಡೋನ’ ಎಂಬ ಪದ ಮುಳುಗಿದೆ. ನೂರು ಸಲ ಕೇಳಿದ ನಿಮ್ಮ ಕಿವಿಗೆ ಅದು ಸ್ಪಷ್ಟ. ಹೊಸದಾಗಿ ನೋಡುವವರಿಗೆ ಆ ಪದ ದಕ್ಕುವುದಿಲ್ಲ. ಅಲ್ಲಿ ಅವರಿಗೆ ಏನೂ ತೊಂದರೆ ಅನಿಸುವುದೂ ಇಲ್ಲ, ಕೇಳಿಸಲಿಲ್ಲ ಎಂಬುದೇ ಗೊತ್ತಾಗುವುದಿಲ್ಲ. ಆದರೆ 70ನೇ ನಿಮಿಷದಲ್ಲಿ ಅಣ್ಣತಮ್ಮಂದಿರು ಮಾತಿಲ್ಲದೆ ಎದುರುಬದುರು ಕೂತಾಗ ಆ ಮೌನದಲ್ಲಿ ಏನಿದೆ ಎಂದು ಅವರಿಗೆ ತಿಳಿಯದು. ತಿಳಿಯದ ಮೌನ ಉದ್ದ ಅನಿಸುತ್ತದೆ. ಹಾಳೆಯಲ್ಲಿ ಬರೆಯುವುದು ‘ಸೆಕೆಂಡ್ ಹಾಫ್ ಲ್ಯಾಗ್’. ನೀವು ಆ ಮೌನವನ್ನೇ ಕತ್ತರಿಸಿದರೆ ಚಿತ್ರದ ಜೀವವನ್ನು ಕತ್ತರಿಸಿದಂತೆ. ಆ ಒಂದು ಸಾಲನ್ನು ಮತ್ತೆ ಡಬ್ ಮಾಡಿ, ನೀರಿನ ಸದ್ದನ್ನು ಆ ಎರಡು ಸೆಕೆಂಡ್ ಇಳಿಸಿದರೆ ‘ಲ್ಯಾಗ್’ ತಾನಾಗಿ ಹೋಗುತ್ತದೆ.

ಇದನ್ನು ಪತ್ತೆ ಮಾಡಲು ಸುಲಭದ ದಾರಿ ಇದೆ. ಕನ್ನಡ ಪ್ರೇಕ್ಷಕರ ಪರೀಕ್ಷೆಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ತೆಗೆದುಬಿಡಿ. ಫೆಸ್ಟಿವಲ್‌ಗಳಲ್ಲಿ ಸಬ್‌ಟೈಟಲ್ ಇರುವುದರಿಂದ ಕನ್ನಡಿಗರೂ ಅರಿವಿಲ್ಲದೆ ಅದನ್ನೇ ಓದಿಕೊಂಡು ನೋಡುತ್ತಾರೆ, ಸಂಭಾಷಣೆ ಕೇಳಿಸಲಿಲ್ಲ ಎಂಬ ದೂರು ಬರುವುದೇ ಇಲ್ಲ. ಅದೇ ಚಿತ್ರ ಬಿಡುಗಡೆಯಾದಾಗ ದೂರಿನ ಮಳೆ. ಪ್ರಾದೇಶಿಕ ಕನ್ನಡ ಇದ್ದರೆ ಇದು ಇನ್ನೂ ಮುಖ್ಯ. ಮಂಡ್ಯದ ನೊದೆಕೊಪ್ಪಲಿನಲ್ಲಿ, ವೃತ್ತಿನಟರಲ್ಲದ ಹಳ್ಳಿಯವರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ತೆಗೆದ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ಇಲ್ಲಿ ಬಿಡುಗಡೆಯಾಯಿತು. ಆ ಚಿತ್ರದ ಸೊಗಸು ಅರ್ಧಕ್ಕರ್ಧ ಆ ಮಾತಿನ ಲಯದಲ್ಲೇ ಇದೆ. ಅಂಥ ಮಾತು ದಾವಣಗೆರೆಯವರಿಗೂ ಮಂಗಳೂರಿನವರಿಗೂ ಎಷ್ಟು ದಕ್ಕುತ್ತದೆ ಎಂದು ನೋಡಿಕೊಳ್ಳಬೇಕು. ನಿಮ್ಮದು ಹಾಸನದ ಮಾತಾದರೆ, ಪರೀಕ್ಷೆಯ 30 ಜನರಲ್ಲಿ ಐದಾರು ಮಂದಿ ಉತ್ತರ ಕರ್ನಾಟಕದವರು ಇರಲಿ. ದಕ್ಕಲಿಲ್ಲ ಎಂದು ಭಾಷೆಯನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ಕತೆಗೆ ಆಧಾರವಾದ ನಾಲ್ಕೈದು ಪದಗಳು ಎಲ್ಲರಿಗೂ ಕೇಳಿಸಿದರೆ ಉಳಿದದ್ದನ್ನು ಜನ ಹಿಡಿದುಕೊಳ್ಳುತ್ತಾರೆ.

ಇನ್ನೊಂದು ಅಪಾಯ ಥಿಯೇಟರಿನ ವಾಲ್ಯೂಮಿನದು. ಮಾತು, ಸಂಗೀತ, ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಸ್ಟುಡಿಯೋದಲ್ಲಿ ಡಾಲ್ಬಿ ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) 7ರಲ್ಲಿ ಇಟ್ಟು, ಅಂದರೆ 85 ಡೆಸಿಬೆಲ್ ಅಳತೆಗೆ ಹೊಂದಿಸಿ ಮಿಕ್ಸ್ ಮಾಡುತ್ತಾರೆ. ಹಲವು ಥಿಯೇಟರುಗಳು ದೊಡ್ಡ ಚಿತ್ರಗಳ ಅಬ್ಬರ ತಡೆಯಲು ಫೇಡರ್ ಅನ್ನು 5ರ ಆಸುಪಾಸಿಗೆ ಇಳಿಸಿರುತ್ತವೆ. ಆ ಎರಡು ಅಂಕಿ ಇಳಿದರೆ ಸದ್ದು ಸುಮಾರು 6-7 ಡೆಸಿಬೆಲ್ ಕಡಿಮೆ. ಅಬ್ಬರದ ಚಿತ್ರಕ್ಕೆ ಏನೂ ಆಗುವುದಿಲ್ಲ, ಪಿಸುಮಾತಿನ ಮೇಲೆ ನಿಂತ ನಿಮ್ಮ ಚಿತ್ರ ಎ.ಸಿ. ಸದ್ದಿನಲ್ಲಿ ಮುಳುಗುತ್ತದೆ. ಕೊನೆಯ ಮಿಕ್ಸ್ ಆದ ದಿನ ಫೇಡರ್ 5ಕ್ಕೆ ಇಳಿಸಿ ಒಮ್ಮೆ ಪೂರ್ತಿ ಕೇಳಿ. ಕೇಳಿಸದ ಸಾಲುಗಳನ್ನು ಎತ್ತಿಸಿಕೊಳ್ಳಿ.

ಬೇರೆ ಮಾತುಗಳಿಗೂ ಹೀಗೆ ಒಳಗಿನ ಅರ್ಥ ಇರುತ್ತದೆ. ‘ಶಾರ್ಟ್ ಫಿಲ್ಮ್ ತರ ಇದೆ’ ಎಂದರೆ ಸಾಮಾನ್ಯವಾಗಿ ಕತೆ ಚಿಕ್ಕದು ಎಂದಲ್ಲ. ಬೀದಿ ಇದೆ ಆದರೆ ಬೀದಿಯ ಸದ್ದಿಲ್ಲ, ಮನೆ ಇದೆ ಆದರೆ ಪಕ್ಕದ ಮನೆಯ ಕುಕ್ಕರ್ ಕೂಗುವುದಿಲ್ಲ, ಹಿನ್ನೆಲೆಯಲ್ಲಿ ಯಾರೂ ನಡೆದು ಹೋಗುವುದಿಲ್ಲ. ಮುಖ್ಯ ಪಾತ್ರಗಳನ್ನು ಬಿಟ್ಟರೆ ಲೋಕವೇ ಖಾಲಿ. ಸ್ಥಳೀಯ ಸದ್ದುಗಳನ್ನು ಎರಡು ದಿನ ಕೂತು ರೆಕಾರ್ಡ್ ಮಾಡಿ ಹಾಕಿದರೆ ಈ ದೂರು ಅರ್ಧ ಇಳಿಯುತ್ತದೆ, ಖರ್ಚೂ ಹೆಚ್ಚಿಲ್ಲ. ‘ಸೀರಿಯಲ್ ತರ ಇದೆ’ ಎಂದರೆ ಬೆಳಕು ಎಲ್ಲ ಕಡೆ ಒಂದೇ ಸಮ, ಮಾತಾಡುವವರ ಮುಖಕ್ಕೇ ಪ್ರತಿಸಲ ಕಟ್, ಹಿನ್ನೆಲೆ ಸಂಗೀತ ಒಂದು ಕ್ಷಣವೂ ಬಿಡುವು ಕೊಡುತ್ತಿಲ್ಲ. ‘ಕನೆಕ್ಟ್ ಆಗಲಿಲ್ಲ’ ಎಂದವರು ಮುಖ್ಯ ಪಾತ್ರಕ್ಕೆ ಏನು ಬೇಕಿತ್ತು ಎಂಬುದನ್ನು ಹಾಳೆಯಲ್ಲಿ ಬರೆದಿದ್ದಾರೆಯೇ ನೋಡಿ, ಬಹುತೇಕ ಬರೆದಿರುವುದಿಲ್ಲ.

‘ಫಸ್ಟ್ ಹಾಫ್’, ‘ಸೆಕೆಂಡ್ ಹಾಫ್’ ಎಂದು ಜನ ಮಾತಾಡುವುದೇ ಇಂಟರ್‌ವಲ್ ಇರುವುದರಿಂದ. ನೀವು ಇಂಟರ್‌ವಲ್ ಯೋಚಿಸದೆ ಚಿತ್ರ ಮಾಡಿದ್ದರೂ ಥಿಯೇಟರಿನವರು ಕೊಡದೆ ಬಿಡುವುದಿಲ್ಲ, ಕ್ಯಾಂಟೀನ್ ನಡೆಯಬೇಕಲ್ಲ. ನೀವು ಜಾಗ ಹೇಳದಿದ್ದರೆ ಅವರು ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸುತ್ತಾರೆ, ಅದು ನಿಮ್ಮ ಅತಿ ಸೂಕ್ಷ್ಮ ದೃಶ್ಯದ ಮಧ್ಯೆ ಆಗಬಹುದು. ಪರೀಕ್ಷಾ ಪ್ರದರ್ಶನದಲ್ಲೂ ಹತ್ತು ನಿಮಿಷ ದೀಪ ಹಾಕಿ, ಕಾಫಿ ಕೊಡಿ. ಆಗ ‘ಮುಂದೆ ಏನಾಗಬಹುದು ಅನಿಸುತ್ತದೆ?’ ಎಂದು ಒಂದು ಚೀಟಿಯಲ್ಲಿ ಬರೆಸಿ. ಬಹಳಷ್ಟು ಚೀಟಿ ಖಾಲಿ ಬಂದರೆ ನಿಮ್ಮ ಇಂಟರ್‌ವಲ್ ತಪ್ಪು ಜಾಗದಲ್ಲಿದೆ.

ಎಷ್ಟು ಜನ ಹೇಳಿದರೆ ಕೈ ಹಾಕಬೇಕು? 30 ಹಾಳೆ ಎಂಬುದು ಸಣ್ಣ ಸಂಖ್ಯೆ. ಅದರಲ್ಲಿ 21 ಜನ, ಅಂದರೆ ನೂರಕ್ಕೆ 70, ಮೆಚ್ಚಿದ್ದಾರೆ ಎಂದಿಟ್ಟುಕೊಳ್ಳಿ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದರ ನಿಜವಾದ ಬೆಲೆ ಸುಮಾರು 52ರಿಂದ 83ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಮೊದಲ ಪ್ರದರ್ಶನದಲ್ಲಿ 70, ಎರಡನೆಯದರಲ್ಲಿ 63 ಬಂತೆಂದು ಎಡಿಟ್ ಹಾಳಾಯಿತು ಎಂದು ಗಾಬರಿಯಾಗಬೇಡಿ. ಅಂಕಿಗಿಂತ ಮುಖ್ಯ ಒಂದೇ ಜಾಗದ ಮೇಲೆ ಬೆರಳುಗಳು ಕೂಡುವುದು. ಅರ್ಥವಾಗದಿರುವಿಕೆ ಮತ್ತು ಅಭಿರುಚಿಯನ್ನು ಬೇರೆ ಬೇರೆ ತೂಗಿ. ಯಾರು ಯಾರ ಮಗ ಎಂದು ಐದು ಜನರಿಗೆ ತಿಳಿಯಲಿಲ್ಲ ಎಂದರೆ ಐದೇ ಸಾಕು, ಸರಿಪಡಿಸಿ. ಬೇಸರದ ದೂರು ಒಂದೇ ದೃಶ್ಯದ ಮೇಲೆ 8-10 ಹಾಳೆಯಲ್ಲಿ ಬಂದು, ನಿಮಿಷದ ಪಟ್ಟಿಯಲ್ಲೂ ಅಲ್ಲೇ ಮೊಬೈಲ್ ಬೆಳಗಿದ್ದರೆ ಕೈ ಹಾಕಿ. ಕತೆಯ ಕೊನೆಯಲ್ಲಿ ಪಾತ್ರ ತೆಗೆದುಕೊಳ್ಳುವ ನಿರ್ಧಾರ ಹನ್ನೆರಡು ಜನರಿಗೆ ಒಪ್ಪಿಗೆಯಿಲ್ಲ, ಹತ್ತು ಜನರಿಗೆ ಕಣ್ಣೀರು ತರಿಸಿದೆ ಎಂದರೆ ಅದು ದೋಷವಲ್ಲ. ಅದು ನಿಮ್ಮ ಸಿನಿಮಾ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಎಲ್ಲರೂ ಐದಕ್ಕೆ ಮೂರು ಕೊಟ್ಟ ಚಿತ್ರದ ಸರಾಸರಿಯೂ ಮೂರು, ಅರ್ಧ ಜನ ಐದು ಅರ್ಧ ಜನ ಒಂದು ಕೊಟ್ಟ ಚಿತ್ರದ್ದೂ ಮೂರು. ಪ್ರಚಾರಕ್ಕೆ ಹಣವಿಲ್ಲದ ಚಿತ್ರವನ್ನು ಉಳಿಸುವುದು ಎರಡನೆಯ ಬಗೆ, ಏಕೆಂದರೆ ಐದು ಕೊಟ್ಟವರೇ ಫೋನ್ ಮಾಡಿ ನಾಲ್ಕು ಜನರಿಗೆ ಹೇಳುವವರು. 1999ರ ‘ದ ಬ್ಲೇರ್ ವಿಚ್ ಪ್ರಾಜೆಕ್ಟ್’ಗೆ ಅಮೆರಿಕದ ಥಿಯೇಟರುಗಳಲ್ಲಿ ನೋಡಿದವರಿಂದ ಎ ಯಿಂದ ಎಫ್‌ವರೆಗೆ ದರ್ಜೆ ಪಡೆಯುವ ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಸಿಕ್ಕಿದ್ದು ಸಿ ಪ್ಲಸ್ ಮಾತ್ರ. ಅದೇ ಚಿತ್ರ ಜಗತ್ತಿನಾದ್ಯಂತ ಸುಮಾರು 25 ಕೋಟಿ ಡಾಲರ್ ಗಳಿಸಿತು. ಜನರನ್ನು ಎರಡು ಪಾಲು ಮಾಡಿದ್ದೂ ಅದರ ಬಗ್ಗೆ ಮಾತು ಹಬ್ಬಲು ನೆರವಾಯಿತು. ಎಲ್ಲರ ಸಲಹೆಗೂ ಒಂದೊಂದು ಕತ್ತರಿ ಹಾಕುತ್ತ ಹೋದರೆ ಒಂದು ಕೊಡುವವರು ಕಡಿಮೆಯಾಗುತ್ತಾರೆ ನಿಜ, ಐದು ಕೊಡುವವರೂ ಹೋಗಿರುತ್ತಾರೆ.

ಬಿಡುಗಡೆಯ ನಂತರದ ರೇಟಿಂಗ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಒಂದು ತಪ್ಪನ್ನು ಮಾತ್ರ ಮಾಡಬೇಡಿ. ಮೊದಲ ದಿನವೇ ತಂಡದವರು, ನೆಂಟರು ಸೇರಿ ಹತ್ತಕ್ಕೆ ಹತ್ತು ಹಾಕಿಸುವುದು ಈಗ ರೂಢಿಯಾಗಿದೆ. ನೋಡುವವರಿಗೆ 9.8 ಕಂಡ ಕೂಡಲೇ ಅನುಮಾನ ಬರುತ್ತದೆ. ಆಮೇಲೆ ನಿಜವಾದ ಪ್ರೇಕ್ಷಕರು ಬಂದು ಅದು 7.6ಕ್ಕೆ ಇಳಿದರೆ, ಒಳ್ಳೆಯ ಅಂಕವೇ ಆದರೂ ಸೋಲಿನಂತೆ ಕಾಣುತ್ತದೆ. ಪ್ರೇಕ್ಷಕರು ಸಿನಿಮಾಗಳಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಜಾಲತಾಣ ಐಎಂಡಿಬಿ ತೋರಿಸುವುದು ನೇರ ಸರಾಸರಿಯಲ್ಲ, ಮತಗಳಿಗೆ ತೂಕ ಕಟ್ಟಿ ತೆಗೆದ ಅಂಕ. ಗುಂಪಾಗಿ ಬಂದ ಮತಗಳಿಂದ ನೀವೆಣಿಸಿದ ಲಾಭ ಸಿಗದೆಯೂ ಹೋಗಬಹುದು. ಬರೆದ ಅಭಿಪ್ರಾಯಗಳಲ್ಲಿ ಒಂದು ದೃಶ್ಯವನ್ನಾದರೂ ಗುರುತಿಸಿ ಬರೆದವರನ್ನು ಮಾತ್ರ ನೋಡಿದವರೆಂದು ಎಣಿಸಿ. ಟ್ರೈಲರ್ ನೋಡಿ ಬರೆದವರ ಮಾತು ಟ್ರೈಲರಿನ ಬಗ್ಗೆ ಅಷ್ಟೇ.

ನಿಜವಾದ ಅಭಿಪ್ರಾಯ ಸೀಟುಗಳಲ್ಲಿ ಇರುತ್ತದೆ. ಶುಕ್ರವಾರ ಸಂಜೆಯ ಆಟಕ್ಕೂ ಶನಿವಾರ ಸಂಜೆಯ ಆಟಕ್ಕೂ, ಅದೇ ಥಿಯೇಟರ್, ಅದೇ ಹೊತ್ತು, ಎಷ್ಟು ಟಿಕೆಟ್ ಹೋಯಿತು ಎಂದು ಪಕ್ಕಪಕ್ಕ ಬರೆಯಿರಿ. ಹೆಸರಿಲ್ಲದ ನಟರ ಚಿತ್ರಕ್ಕೆ ಶನಿವಾರ ಏರಿದರೆ, ಶುಕ್ರವಾರ ನೋಡಿದವರು ಹೇಳುತ್ತಿದ್ದಾರೆ ಎಂದರ್ಥ. ಸೋಮವಾರದ ಸಂಜೆ ಶುಕ್ರವಾರದ ಅರ್ಧಕ್ಕಿಂತ ಕೆಳಗೆ ಇಳಿಯದಿದ್ದರೆ ಚಿತ್ರ ನಿಂತಿದೆ. ಮುಂದಿನ ವಾರದ ಆಟಗಳನ್ನು ಥಿಯೇಟರಿನವರು ತೀರ್ಮಾನಿಸುವುದು ಇಂಥ ಅಂಕಿಗಳ ಮೇಲೆಯೇ. ಆದ್ದರಿಂದ ಮೊದಲ ವಾರ 40 ಆಟ ಕೇಳಿ ಹತ್ತರಲ್ಲಿ ಒಂದು ಸೀಟು ತುಂಬಿಸುವುದಕ್ಕಿಂತ, 10-12 ಆಟ, ಸಂಜೆಯ ಹೊತ್ತು, ಹಾಸನ, ಮೈಸೂರು, ಬೆಂಗಳೂರಿನ ಎರಡು-ಮೂರು ಪರದೆ ಕೇಳಿ. ಬೆಳಗ್ಗೆ 10ರ ಆಟ ಮಾತ್ರ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಖಾಲಿ ಸೀಟಿನ ಅಂಕಿಯೇ ಸೋಮವಾರ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಬಾಗಿಲಲ್ಲಿ ನಿಂತು ಹೊರಬರುವವರನ್ನು ‘ಹೇಗಿತ್ತು?’ ಎಂದು ಕ್ಯಾಮೆರಾ ಹಿಡಿದು ಕೇಳುವ ಬದಲು, ಕ್ಯಾಮೆರಾ ಇಲ್ಲದೆ ‘ಈ ಸಿನಿಮಾ ಇದೆ ಎಂದು ನಿಮಗೆ ಯಾರು ಹೇಳಿದರು?’ ಎಂದು ಕೇಳಿ, ಉತ್ತರವನ್ನು ದಿನಾಂಕದೊಂದಿಗೆ ಬರೆದಿಡಿ. ಶುಕ್ರವಾರ ‘ಇನ್‌ಸ್ಟಾಗ್ರಾಂ’, ‘ಗೆಳೆಯ ಅದರಲ್ಲಿ ಕೆಲಸ ಮಾಡಿದ್ದಾನೆ’ ಎಂಬ ಉತ್ತರಗಳೇ ಹೆಚ್ಚಿರುತ್ತವೆ. ಭಾನುವಾರದ ಹೊತ್ತಿಗೆ ‘ನಿನ್ನೆ ನಮ್ಮಕ್ಕ ನೋಡ್ಕೊಂಡು ಬಂದ್ಲು’ ಎಂಬಂಥ ಉತ್ತರ ಹತ್ತರಲ್ಲಿ ಮೂರು ಬಂದರೂ ಎರಡನೇ ವಾರದ ಆಟಗಳಿಗೆ ಅಂದೇ ಫೋನ್ ಮಾಡಿ.